ತಲೆಸುತ್ತಿ ಬಿದ್ದಾಗ ಸಾಕ್ಷಿ ನೀವೇ: ಮರೆವಿನ ಕಾಯಿಲೆ ಇರೋ ಹಿರಿಯರು ಪ್ರಜ್ಞೆ ತಪ್ಪೋದು ಯಾಕೆ?

ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.

ಇವತ್ತು ಸುತ್ತಿ ಬಳಸದೆ ವಿಷಯಕ್ಕೆ ಬರ್ತೀನಿ.

ಮನೇಲಿ ಮರೆವಿನ ಕಾಯಿಲೆ, ಅಂದ್ರೆ ಡಿಮೆನ್ಷಿಯಾ ಇರೋ ಅಜ್ಜಿನೋ ತಾತನೋ ಇದ್ದಾರೆ ಅಂದ್ಕೊಳ್ಳಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ಇಟ್ಟವರು ಹಾಗೇ ಕುಸಿದು ಬೀಳ್ತಾರೆ. ಸ್ವಲ್ಪ ಹೊತ್ತು ಮಾತಿಲ್ಲ, ಕರೆದ್ರೆ ಓಗೊಡಲ್ಲ. ಆಮೇಲೆ ಕಣ್ಣು ಬಿಡ್ತಾರೆ. ಏನಾಯ್ತು ಅಂತ ಕೇಳಿದ್ರೆ, "ಏನೂ ಆಗ್ಲಿಲ್ವಲ್ಲ ಮಗ" ಅಂತಾರೆ. ಮನೆಯವರ ಹತ್ರ ಉತ್ತರ ರೆಡಿ ಇರುತ್ತೆ: "ವಯಸ್ಸಾಯ್ತು, ಜೊತೆಗೆ ಮರೆವು ಬೇರೆ. ಇನ್ನೇನು ಮಾಡೋಕಾಗುತ್ತೆ?"

ನಾನು ಇವತ್ತು ಹೇಳೋಕೆ ಬಂದಿರೋದು ಇಷ್ಟೇ: ಈ ಉತ್ತರ ಸಾಲದು. ನೆನಪು ಹೋಗೋದು ಬೇರೆ, ಪ್ರಜ್ಞೆ ತಪ್ಪೋದು ಬೇರೆ. ಪ್ರಜ್ಞೆ ತಪ್ಪಿದ್ರೆ ಅದಕ್ಕೆ ಅದರದೇ ಕಾರಣ ಇರುತ್ತೆ. ಆ ಕಾರಣ ತುಂಬಾ ಸಲ ಸರಿಪಡಿಸೋಕೆ ಆಗುವಂಥದ್ದು. ಒಂದು ಮಾತ್ರೆ ಬದಲಾಯಿಸಿದ್ರೆ ಸರಿಹೋಗಬಹುದು. ಕೆಲವು ಸಲ ಅದು ಹೃದಯದ ತೊಂದರೆ ಆಗಿರುತ್ತೆ, ಬಿಟ್ರೆ ಪ್ರಾಣಕ್ಕೇ ಕುತ್ತು. ಯಾವುದು ಅಂತ ಪತ್ತೆ ಮಾಡೋಕೆ ಡಾಕ್ಟರಿಗೆ ಒಬ್ಬ ಸಾಕ್ಷಿ ಬೇಕು. ಬಿದ್ದವರಿಗೆ ಏನೂ ನೆನಪಿರಲ್ಲ. ಹಾಗಾಗಿ ಆ ಸಾಕ್ಷಿ ನೀವೇ ಆಗಬೇಕು.

ಇದು ನಮ್ಮೂರಿನ ವಿಷಯನೂ ಹೌದು

ನನ್ನದು ಹುಣಸೂರು ಕಡೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕನ್ನು ಮನಸ್ಸಲ್ಲಿ ಇಟ್ಕೊಂಡೇ ಇವತ್ತು ಮಾತಾಡ್ತೀನಿ. ಓದಿಗೆ, ಕೆಲಸಕ್ಕೆ ಅಂತ ನಾವು ಮೈಸೂರಿಗೋ ಬೆಂಗಳೂರಿಗೋ ಹೋಗಿರ್ತೀವಿ. ಊರಲ್ಲಿ ವಯಸ್ಸಾದವರು ಉಳಿದಿರ್ತಾರೆ. "ಅರವತ್ತಕ್ಕೆ ಅರಳು ಮರಳು" ಅಂತ ಗಾದೆ ಹೇಳಿ, ಮರೆವನ್ನ ಕಾಯಿಲೆ ಅಂತ ಕರೆಯೋದಕ್ಕೇ ನಾವು ತಡ ಮಾಡ್ತೀವಿ.

ದೇಶದ ಲೆಕ್ಕ ನೋಡಿ. ಲಾಸಿ-ಡ್ಯಾಡ್ ಅನ್ನೋ ದೊಡ್ಡ ಸಮೀಕ್ಷೆಯ ಅಂದಾಜು 2023ರಲ್ಲಿ ಪ್ರಕಟ ಆಯ್ತು. ಅದರ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನಕ್ಕೆ ಡಿಮೆನ್ಷಿಯಾ ಇದೆ. ಅಂದ್ರೆ ಸುಮಾರು 88 ಲಕ್ಷ ಜನ. ಮೈಸೂರಲ್ಲೂ ಈ ಬಗ್ಗೆ ಕೆಲಸ ನಡೆದಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಗೊತ್ತಲ್ವಾ, ನಮ್ಮ ಹಿರಿಯರು ಮಿಷನ್ ಆಸ್ಪತ್ರೆ ಅಂತಿದ್ರು. 1934ರಿಂದ 1966ರ ನಡುವೆ ಅಲ್ಲಿ ಹುಟ್ಟಿದವರ ಹೆರಿಗೆ ದಾಖಲೆಗಳು ಉಳ್ಕೊಂಡಿದ್ವು. ಆ ದಾಖಲೆ ಹಿಡಿದು, ಅವತ್ತು ಅಲ್ಲಿ ಹುಟ್ಟಿದ ಮಕ್ಕಳನ್ನ ಅವರು ಹಿರಿಯರಾದ ಮೇಲೆ ಹುಡುಕಿ, ನೆನಪಿನ ಶಕ್ತಿ ಹೇಗಿದೆ ಅಂತ ಸಂಶೋಧಕರು ಪರೀಕ್ಷೆ ಮಾಡಿದ್ರು. ಮೈನಾ ಅಧ್ಯಯನ ಅಂತ ಅದರ ಹೆಸರು. ಇಳಿವಯಸ್ಸಿನ ಮರೆವು ಯಾವುದೋ ದೂರದ ದೇಶದ ಸಮಸ್ಯೆ ಅಲ್ಲ ಅಂತ ತಿಳಿಯೋಕೆ ಇಷ್ಟು ಸಾಕು.

ಮೊದಲು ಪದ ಸರಿಮಾಡ್ಕೊಳ್ಳೋಣ

ನಮ್ಮ ಮಾತಲ್ಲೇ ಒಂದು ತೊಡಕಿದೆ. ಯಾರಾದ್ರೂ ಪ್ರಜ್ಞೆ ತಪ್ಪಿ ಬಿದ್ರೆ "ಮೂರ್ಛೆ ಹೋದ್ರು" ಅಂತೀವಿ. ಫಿಟ್ಸ್ ಕಾಯಿಲೆಗೂ "ಮೂರ್ಛೆ ರೋಗ" ಅಂತೀವಿ. ಹಳ್ಳಿ ಕಡೆ "ಬವಳಿ ಬಂತು" ಅಂತಾರೆ. ಇನ್ನು "ತಲೆಸುತ್ತು" ಅನ್ನೋ ಪದಕ್ಕೆ ಮೂರು ಅರ್ಥ ಇದೆ. ಮನೆನೇ ತಿರುಗಿದ ಹಾಗೆ ಆಗೋದು ಒಂದು, ಕಣ್ಣಿಗೆ ಕತ್ತಲೆ ಬರೋದು ಇನ್ನೊಂದು, ನಿಂತರೆ ತೂಗಾಡೋದು ಮತ್ತೊಂದು. ಡಾಕ್ಟರ್ ಹತ್ರ ಬರೀ "ಮೂರ್ಛೆ ಬಂತು" ಅಂದ್ರೆ ಅವರು ಫಿಟ್ಸ್ ಅಂದ್ಕೋಬಹುದು. ಬರೀ "ತಲೆಸುತ್ತು" ಅಂದ್ರೆ ಕಿವಿಯ ತೊಂದರೆಗೆ ಮಾತ್ರೆ ಬರೀಬಹುದು.

ಅದಕ್ಕೇ ಕಾಯಿಲೆ ಹೆಸರು ಹೇಳೋಕೆ ಹೋಗ್ಬೇಡಿ. ಕಂಡಿದ್ದನ್ನ ಹೇಳಿ. "ಎದ್ದು ನಿಂತ್ರು, ಮುಖ ಬಿಳುಚಿಕೊಳ್ತು, ಕುಸಿದ್ರು, ಒಂದು ನಿಮಿಷದೊಳಗೆ ಕಣ್ಣು ಬಿಟ್ರು." ಈ ಒಂದು ವಾಕ್ಯ ಡಾಕ್ಟರಿಗೆ ಅರ್ಧ ದಾರಿ ತೋರಿಸುತ್ತೆ.

ಪ್ರಜ್ಞೆ ತಪ್ಪೋದು ಅಂದ್ರೆ ಒಳಗೆ ಏನಾಗುತ್ತೆ?

ಮಿದುಳು ನಮ್ಮ ದೇಹದ ತೂಕದಲ್ಲಿ ಶೇ 2ರಷ್ಟು ಮಾತ್ರ. ಆದ್ರೆ ದೇಹ ಬಳಸೋ ಆಮ್ಲಜನಕದಲ್ಲಿ ಸುಮಾರು ಶೇ 20ರಷ್ಟು ಅದಕ್ಕೇ ಬೇಕು. ಆರೇಳು ಸೆಕೆಂಡ್ ರಕ್ತ ಹೋಗ್ಲಿಲ್ಲ ಅಂದ್ರೆ ಸಾಕು, ಪ್ರಜ್ಞೆ ತಪ್ಪುತ್ತೆ.

ಮಲಗಿದ್ದವರು ಎದ್ದು ನಿಂತಾಗ ಅರ್ಧ ಲೀಟರ್‌ಗಿಂತ ಹೆಚ್ಚು ರಕ್ತ ಕಾಲು, ಹೊಟ್ಟೆ ಕಡೆ ಇಳಿಯುತ್ತೆ. ನಮ್ಮ ವಯಸ್ಸಲ್ಲಿ ನರಗಳು ತಕ್ಷಣ ರಕ್ತನಾಳಗಳನ್ನ ಬಿಗಿಮಾಡಿ, ಹೃದಯವನ್ನ ಸ್ವಲ್ಪ ಬೇಗ ಓಡಿಸಿ ಸರಿಮಾಡ್ಕೊಳ್ತವೆ. ನಮಗೆ ಗೊತ್ತೇ ಆಗಲ್ಲ. ವಯಸ್ಸಾದ ಮೇಲೆ ಆ ಚುರುಕು ಕಡಿಮೆ ಆಗುತ್ತೆ. ಬಿಪಿ ಇಳಿಯುತ್ತೆ, ಮಿದುಳಿಗೆ ರಕ್ತ ಸಾಲದೆ ಕುಸಿದು ಬೀಳ್ತಾರೆ. ಬಿದ್ದು ಅಡ್ಡ ಆದ ಮೇಲೆ ರಕ್ತ ಮತ್ತೆ ತಲೆ ಕಡೆ ಹರಿಯುತ್ತೆ, ಎಚ್ಚರ ಆಗುತ್ತೆ. ಬಿದ್ದವರನ್ನ ತಕ್ಷಣ ಎತ್ತಿ ಕೂರಿಸಬಾರದು ಅನ್ನೋದು ಇದಕ್ಕೇ. ಕೂರಿಸಿದ್ರೆ ಆ ರಕ್ತ ಮತ್ತೆ ಕೆಳಗಿಳಿಯುತ್ತೆ.

ಡಿಮೆನ್ಷಿಯಾ ಇದ್ರೆ ಯಾಕೆ ಇನ್ನೂ ಕಷ್ಟ?

ಮೂರು ಕಾರಣ ಇದೆ.

ಒಂದು, ಅವರು ಮುಂಚೆನೇ ಹೇಳಲ್ಲ. ನಿಮಗೆ ಕಣ್ಣು ಕತ್ತಲೆ ಬಂದ್ರೆ ಗೋಡೆ ಹಿಡ್ಕೊಳ್ತೀರಿ, ಇಲ್ಲಾ ಕೂತ್ಕೊಳ್ತೀರಿ. ಅವರಿಗೆ ಆ ಸೂಚನೆ ಅರ್ಥ ಆಗ್ದೆ ಇರಬಹುದು. ಬಾಯಾರಿಕೆನೂ ಹೇಳಲ್ಲ, ನೀರು ಕುಡಿಯೋದೂ ಮರೀತಾರೆ.

ಎರಡು, ಕೆಲವು ಬಗೆಯ ಡಿಮೆನ್ಷಿಯಾದಲ್ಲಿ ಬಿಪಿ ಹಿಡಿದಿಡೋ ನರಗಳೇ ಸೋತಿರ್ತವೆ. ಲೆವಿ ಬಾಡಿ ಡಿಮೆನ್ಷಿಯಾ, ಪಾರ್ಕಿನ್ಸನ್ ಜೊತೆ ಬರೋ ಡಿಮೆನ್ಷಿಯಾ ಇಂಥವು. ಕೈ ನಡುಕ, ಮೈ ಬಿಗಿತ, ಇಲ್ಲದ ಜನ ಪ್ರಾಣಿ ಕಾಣಿಸೋದು, ಒಂದಿನ ಚುರುಕು ಒಂದಿನ ಮಂಕು, ಇದರ ಜೊತೆ ಪದೇ ಪದೇ ಬೀಳೋದು ಇದ್ರೆ ಡಾಕ್ಟರಿಗೆ ಇದನ್ನೆಲ್ಲ ಒಟ್ಟಿಗೇ ಹೇಳಿ. ಬೇರೆ ಬೇರೆ ಹೇಳಿದ್ರೆ ಕೊಂಡಿ ಸಿಗಲ್ಲ. ಇಲ್ಲದ್ದು ಕಾಣಿಸೋದನ್ನ "ಗಾಳಿ ಸೋಕಿದೆ" ಅಂತ ಮಂತ್ರ ಹಾಕಿಸೋಕೆ ಕರ್ಕೊಂಡು ಹೋಗಿ ತಿಂಗಳುಗಟ್ಟಲೆ ಕಳೆಯೋದೂ ಉಂಟು. ಅಷ್ಟರಲ್ಲಿ ಒಂದು ಸಲ ಬಿದ್ದು ಸೊಂಟದ ಮೂಳೆ ಮುರಿದ್ರೆ, ಆಮೇಲೆ ಮಂಚ ಬಿಟ್ಟು ಏಳೋದೇ ಕಷ್ಟ.

ಮೂರು, ಮಾತ್ರೆಗಳು. ಇದನ್ನ ಬಿಡಿಸಿ ಹೇಳ್ಬೇಕು.

ಮಾತ್ರೆ ಡಬ್ಬ ತೆರೆದು ನೋಡಿ

ಮನೆಯ ಹಿರಿಯರಿಗೆ ಬಿಪಿ ಮಾತ್ರೆ ಇರುತ್ತೆ, ಶುಗರ್ ಮಾತ್ರೆ ಇರುತ್ತೆ. ತಾತನಿಗೆ ಪ್ರಾಸ್ಟೇಟ್ ಅಂತ ಟ್ಯಾಮ್ಸುಲೋಸಿನ್ ಥರದ್ದು ಕೊಟ್ಟಿರ್ತಾರೆ. ಕಾಲು ಊತಕ್ಕೆ ಮೂತ್ರ ಹೋಗೋ ಮಾತ್ರೆ, ರಾತ್ರಿ ನಿದ್ದೆಗೆ ಒಂದು, ಸಿಟ್ಟು ಗಲಾಟೆ ಮಾಡ್ತಾರೆ ಅಂತ ಕ್ವಿಟಿಯಾಪಿನ್ ಅಥವಾ ರಿಸ್ಪೆರಿಡೋನ್. ಇವುಗಳಲ್ಲಿ ಹಲವು, ನಿಂತಾಗ ಬಿಪಿ ಇಳಿಸಬಲ್ಲವು. ಒಂದೊಂದೇ ಇದ್ರೆ ತಡ್ಕೊಳ್ಳೋ ದೇಹ, ಮೂರ್ನಾಲ್ಕು ಸೇರಿದ್ರೆ ತಡೆಯಲ್ಲ.

ಮರೆವಿಗೇ ಕೊಡೋ ಮಾತ್ರೆಗಳೂ ಇವೆ. ಡೊನೆಪಿಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್. ಇವು ಕೆಲವರಲ್ಲಿ ಹೃದಯ ಬಡಿತ ನಿಧಾನ ಮಾಡ್ತವೆ. ಕೆನಡಾದ ಒಂಟಾರಿಯೋದಲ್ಲಿ ಡಿಮೆನ್ಷಿಯಾ ಇರೋ ಹಿರಿಯರ ಮೇಲೆ ದೊಡ್ಡ ಅಧ್ಯಯನ ನಡೆದು 2009ರಲ್ಲಿ ಪ್ರಕಟ ಆಯ್ತು. ಈ ಮಾತ್ರೆ ತಗೊಳ್ಳದೆ ಇದ್ದವರಲ್ಲಿ ವರ್ಷಕ್ಕೆ 1000 ಮಂದಿಗೆ ಸುಮಾರು 19ರಂತೆ ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ಬಂದಿದ್ರು. ತಗೊಳ್ತಿದ್ದವರಲ್ಲಿ ಅದು ಸುಮಾರು 31. ಅವರಲ್ಲಿ ಸೊಂಟದ ಮೂಳೆ ಮುರಿತ, ಪೇಸ್‌ಮೇಕರ್ ಹಾಕಿಸ್ಕೊಳ್ಳೋದೂ ಹೆಚ್ಚಿತ್ತು.

ಇದನ್ನ ಕೇಳಿ ಇವತ್ತೇ ಮಾತ್ರೆ ನಿಲ್ಲಿಸ್ಬೇಡಿ. ಬಹುಪಾಲು ಜನಕ್ಕೆ ಆ ಮಾತ್ರೆಯಿಂದ ಇಂಥ ತೊಂದರೆ ಆಗಲ್ಲ. ದಿಢೀರ್ ನಿಲ್ಲಿಸಿದ್ರೆ ಬೇರೆ ಎಡವಟ್ಟಾಗುತ್ತೆ. ನೀವು ಮಾಡಬೇಕಾದ್ದು ಏನಂದ್ರೆ, ಹೊಸ ಮಾತ್ರೆ ಶುರುಮಾಡಿದ್ದು ಯಾವತ್ತು, ಡೋಸ್ ಹೆಚ್ಚಿಸಿದ್ದು ಯಾವತ್ತು, ಮೊದಲ ಸಲ ಬಿದ್ದಿದ್ದು ಯಾವತ್ತು, ಈ ಮೂರು ದಿನಾಂಕ ಅಕ್ಕಪಕ್ಕ ಬರೆದು ಡಾಕ್ಟರಿಗೆ ತೋರಿಸಿ. ಇಲ್ಲ ಅಂದ್ರೆ ಏನಾಗುತ್ತೆ ಗೊತ್ತಾ? ಮಾತ್ರೆಯಿಂದ ತಲೆಸುತ್ತು ಬರುತ್ತೆ, ಆ ತಲೆಸುತ್ತಿಗೆ ಇನ್ನೊಂದು ಮಾತ್ರೆ ಸೇರುತ್ತೆ.

ಇನ್ನೊಂದು ವಿಷಯ. ಮರೆವು ಇರೋರು ಒಂದೇ ಮಾತ್ರೆ ಎರಡು ಸಲ ನುಂಗಿರ್ತಾರೆ. ಶುಗರ್ ಮಾತ್ರೆ ನುಂಗಿ ಊಟ ಮಾಡಿರಲ್ಲ, ಮಾಡಿದ್ದೀನಿ ಅಂತ ಹೇಳ್ತಾರೆ. ಸಕ್ಕರೆ ಅಂಶ 70ಕ್ಕಿಂತ ಕೆಳಗೆ ಹೋದ್ರೆ ಬೆವರು, ನಡುಕ, ತಡಬಡ ಮಾತು, ಇನ್ನೂ ಇಳಿದ್ರೆ ಪ್ರಜ್ಞೆನೇ ಇರಲ್ಲ. ಇದು ಒಂದು ನಿಮಿಷದಲ್ಲಿ ತಾನಾಗೇ ಸರಿಹೋಗಲ್ಲ. ಹಾಗಾಗಿ ಮಾತ್ರೆ ಡಬ್ಬ ಅವರ ಕೈಗೆ ಸಿಗದ ಹಾಗೆ ಇಟ್ಟು, ಒಬ್ಬರೇ ಕೊಡೋ ಅಭ್ಯಾಸ ಮಾಡ್ಕೊಳ್ಳಿ.

ಯಾವ ಹೊತ್ತಲ್ಲಿ ಬೀಳ್ತಾರೆ ಅನ್ನೋದೇ ಸುಳಿವು

ಬೆಳಗಿನ ಜಾವ ಹಾಸಿಗೆಯಿಂದ ಎದ್ದಾಗ: ನಿಂತಾಗ ಬಿಪಿ ಇಳಿಯೋದು. ಡಿಮೆನ್ಷಿಯಾ ಇದ್ದು ಬಿದ್ದ ಹಿರಿಯರ ಬಗ್ಗೆ ಇಟಲಿಯಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರಜ್ಞೆ ತಪ್ಪೋಕೆ ಹೆಚ್ಚಾಗಿ ಸಿಕ್ಕ ಕಾರಣ ಇದೇ.

ಊಟ ಆದ ಮೇಲೆ: ಹೊಟ್ಟೆ ತುಂಬಾ ಉಂಡಾಗ ರಕ್ತ ಕರುಳಿನ ಕಡೆ ಹೆಚ್ಚು ಹರಿಯುತ್ತೆ. ಕೆಲವು ಹಿರಿಯರಿಗೆ ಊಟ ಆಗಿ ಎರಡು ಗಂಟೆಯೊಳಗೆ ಬಿಪಿ ಇಳಿಯುತ್ತೆ. ದೊಡ್ಡ ಮುದ್ದೆ, ಅದರ ಮೇಲೆ ಅನ್ನ, ಆಮೇಲೆ ತಟ್ಟನೆ ಎದ್ದು ಕೈ ತೊಳೆಯೋಕೆ ಹೋಗೋದು. ಅಲ್ಲೇ ಬೀಳ್ತಾರೆ. ಇವರಿಗೆ ಸ್ವಲ್ಪ ಸ್ವಲ್ಪ, ಹೆಚ್ಚು ಸಲ ಊಟ ಕೊಡೋದು ಒಳ್ಳೇದು. ಊಟ ಆದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಿಸಿ.

ರಾತ್ರಿ ಬಚ್ಚಲಿಗೆ ಹೋದಾಗ: ಮೂತ್ರ ಮಾಡುವಾಗ, ಮುಕ್ಕುವಾಗ ಬಿಪಿ ಇಳಿದು ಬೀಳೋದು ಇದೆ. ನಮ್ಮ ಕಡೆ ಬಚ್ಚಲು, ಕಕ್ಕಸು ಮನೆಯ ಹಿಂದೆ ಇದ್ರೆ ಕತ್ತಲು, ಮೆಟ್ಟಿಲು ಎರಡೂ ಸೇರುತ್ತೆ. ಗಂಡಸರೂ ಕೂತೇ ಮೂತ್ರ ಮಾಡಲಿ, ದೀಪ ಉರಿಯುತ್ತಿರಲಿ. ಒಳಗಿನ ಚಿಲಕ ಹಾಕೋದು ಬೇಡ.

ಬಿಸಿಲಲ್ಲಿ, ಬ್ಯಾರನ್ ಹತ್ರ: ಹುಣಸೂರು, ಪಿರಿಯಾಪಟ್ಟಣದವರಿಗೆ ಇದನ್ನ ವಿವರಿಸಬೇಕಿಲ್ಲ. ಹೊಗೆಸೊಪ್ಪು ಬೇಯಿಸೋ ಕಾಲದಲ್ಲಿ ಮನೆಮಂದಿಯೆಲ್ಲ ಬ್ಯಾರನ್ ಹತ್ರನೇ ಇರ್ತೀವಿ, ಅಜ್ಜಿನೂ ಒಂದು ಕಡೆ ಕೂತು ಎಲೆ ಕಟ್ತಿರ್ತಾರೆ. ಶಾಖಕ್ಕೆ ಬೆವರು ಹೋಗುತ್ತೆ, ಅವರು ನೀರು ಕೇಳಲ್ಲ. ಹಸಿ ಎಲೆ, ಅದರಲ್ಲೂ ಒದ್ದೆ ಎಲೆ ಮುಟ್ಟಿದಾಗ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಸೇರಿ ವಾಂತಿ, ತಲೆಸುತ್ತು ತರುತ್ತೆ. ಆ ದಿನಗಳಲ್ಲಿ ಬಿದ್ರೆ, ಎಲೆ ಕೆಲಸ ಮಾಡ್ತಿದ್ರು ಅನ್ನೋದನ್ನೂ ಡಾಕ್ಟರಿಗೆ ಹೇಳಿ.

ಸುಮ್ಮನೆ ಕೂತಿದ್ದಾಗ, ಮಲಗಿದ್ದಾಗ, ಏನೂ ಸೂಚನೆ ಇಲ್ದೆ: ಇಲ್ಲಿ ಎಚ್ಚರ. ನಿಲ್ಲದೆ, ಏಳದೆ ಪ್ರಜ್ಞೆ ಹೋದ್ರೆ ಹೃದಯದ ಬಡಿತದಲ್ಲೇ ತೊಂದರೆ ಇರಬಹುದು. ಹೃದಯದ ಒಳಗೆ ಬಡಿತದ ಸಂಕೇತ ಸಾಗೋ ದಾರಿಯಲ್ಲಿ ಅಡ್ಡಿ ಆದ್ರೆ ಅದನ್ನ ಹಾರ್ಟ್ ಬ್ಲಾಕ್ ಅಂತಾರೆ. ಕೆಲವು ಸೆಕೆಂಡ್ ಬಡಿತವೇ ನಿಂತು ಆಮೇಲೆ ಶುರುವಾಗುತ್ತೆ. ಹತ್ತೋ, ಹೊಲದ ಬದು ಏರೋ ಅಂಥ ಶ್ರಮದ ಹೊತ್ತಲ್ಲೇ ಕುಸಿದ್ರೂ ಅಷ್ಟೇ ಗಂಭೀರ. ಮುಖಕ್ಕೆ ಜೋರಾಗಿ ಪೆಟ್ಟಾಗಿದ್ರೆ, ಕೈ ಊರೋಕೂ ಸಮಯ ಸಿಕ್ಕಿಲ್ಲ ಅಂತ ಅರ್ಥ. ಅದನ್ನೂ ಗಮನಿಸಿ.

ಫಿಟ್ಸಾ, ಬವಳಿಯಾ?

ಡಿಮೆನ್ಷಿಯಾ ಇರೋರಿಗೆ ಫಿಟ್ಸ್ ಬರೋ ಸಾಧ್ಯತೆನೂ ಉಳಿದವರಿಗಿಂತ ಹೆಚ್ಚು. ಗೊಂದಲ ಎಲ್ಲಿ ಅಂದ್ರೆ, ಬವಳಿ ಬಂದು ಬಿದ್ದಾಗಲೂ ಕೈಕಾಲು ನಾಲ್ಕೈದು ಸಲ ಅದುರಬಹುದು. ಅದುರಿದ್ದೆಲ್ಲ ಫಿಟ್ಸ್ ಅಲ್ಲ.

ಬವಳಿಯಲ್ಲಿ ಮುಖ ಬಿಳುಚಿಕೊಳ್ಳುತ್ತೆ, ಬೆವರುತ್ತೆ, ಮೈ ಸಡಿಲ ಬಿಡುತ್ತೆ, ಅದುರಿದ್ರೂ ಕೆಲವೇ ಸೆಕೆಂಡ್, ಬೇಗ ಎಚ್ಚರ ಆಗುತ್ತೆ. ಫಿಟ್ಸಲ್ಲಿ ಮೈ ಬಿಗಿಯಾಗಿ ಒಂದೇ ಲಯದಲ್ಲಿ ಒಂದೆರಡು ನಿಮಿಷ ಅದುರುತ್ತೆ, ನಾಲಿಗೆಯ ಪಕ್ಕ ಕಚ್ಚಿರುತ್ತೆ, ಮುಗಿದ ಮೇಲೂ ತುಂಬಾ ಹೊತ್ತು ಮಂಕು ಕವಿದಿರುತ್ತೆ. ಮೊದಲೇ ಗಲಿಬಿಲಿ ಇರೋ ಅಜ್ಜಿಯಲ್ಲಿ ಆ ಮಂಕನ್ನ ಗುರುತಿಸೋದು ಕಷ್ಟ. ಅದಕ್ಕೇ ದಿನಾ ನೋಡೋರು ಹೇಳಬೇಕು, "ಯಾವಾಗಲೂ ಇರೋ ಹಾಗೆ ಆಗೋಕೆ ಇಷ್ಟು ಹೊತ್ತು ಹಿಡೀತು" ಅಂತ.

ಬಿದ್ದ ಆ ಕ್ಷಣ ಏನು ಮಾಡ್ಬೇಕು?

ಮೊದಲು, ಇದ್ದ ಜಾಗದಲ್ಲೇ ಅಂಗಾತ ಮಲಗಿಸಿ. ತಲೆಗೋ ಸೊಂಟಕ್ಕೋ ಜೋರು ಪೆಟ್ಟಾಗಿದ್ರೆ ಎಳೆದಾಡಬೇಡಿ. ಪೆಟ್ಟಿಲ್ಲ ಅಂದ್ರೆ ಕಾಲನ್ನ ಒಂದು ದಿಂಬಿನಷ್ಟು ಎತ್ತರಕ್ಕೆ ಏರಿಸಿ.

ಉಸಿರಾಡ್ತಿದ್ದಾರಾ ನೋಡಿ. ಕರೆದ್ರೆ ಓಗೊಡಲ್ಲ, ಉಸಿರೂ ಇಲ್ಲ ಅಥವಾ ಬಿಟ್ಟು ಬಿಟ್ಟು ಏದುಸಿರು ಬಿಡ್ತಿದ್ದಾರೆ ಅಂದ್ರೆ ಅದು ಬವಳಿ ಅಲ್ಲ, ಹೃದಯ ನಿಂತಿರಬಹುದು. ತಕ್ಷಣ 108ಕ್ಕೆ ಕರೆ ಮಾಡಿ ಫೋನ್ ಸ್ಪೀಕರಲ್ಲಿ ಇಡಿ, ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತೋಕೆ ಶುರುಮಾಡಿ.

ಉಸಿರಿದ್ದು ಎಚ್ಚರ ಇಲ್ಲ ಅಂದ್ರೆ, ವಾಂತಿ ಬಂದ್ರೆ ಪಕ್ಕಕ್ಕೆ ಹೊರಳಿಸಿ. ಬಾಯಿಗೆ ನೀರು ಹಾಕಬೇಡಿ. ಸೋಡಾ, ಕಾಫಿ ಯಾವುದೂ ಬೇಡ, ಶ್ವಾಸನಾಳಕ್ಕೆ ಹೋಗುತ್ತೆ. ಕೈಗೆ ಕಬ್ಬಿಣ ಕೊಡೋದು, ಬೀಗದ ಕೈ ಹಿಡಿಸೋದು, ಈರುಳ್ಳಿ ಮೂಸಿಸೋದು, ಇವುಗಳಿಂದ ಏನೂ ಪ್ರಯೋಜನ ಇಲ್ಲ. ಬವಳಿ ತಾನಾಗೇ ತಿಳಿಯೋ ಹೊತ್ತಿಗೆ ಕಬ್ಬಿಣ ಕೈಲಿರುತ್ತೆ, ಹೆಸರು ಅದಕ್ಕೆ ಬರುತ್ತೆ, ಅಷ್ಟೇ.

ಎಚ್ಚರ ಆದ ಮೇಲೂ ಹತ್ತು ನಿಮಿಷ ಮಲಗಿರಲಿ. ಆಮೇಲೆ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ನಿಲ್ಲಿಸಿ. ಶುಗರ್ ಇರೋರಾದ್ರೆ ಗ್ಲೂಕೋಮೀಟರ್‌ನಲ್ಲಿ ನೋಡಿ. ಸಕ್ಕರೆ ಅಂಶ ಇಳಿದಿದ್ದು, ಪೂರ್ತಿ ಎಚ್ಚರ ಇದ್ದು, ನುಂಗೋಕೆ ಆಗುತ್ತೆ ಅಂದ್ರೆ ಮಾತ್ರ ಸಕ್ಕರೆ ನೀರು ಕೊಡಿ.

ಈಗ ಫೋನ್ ಕೈಗೆ ತಗೊಳ್ಳಿ

ಬಿದ್ದವರ ಹತ್ರ ಒಬ್ಬರು ಇದ್ದು, ನಿಮ್ಮ ಕೈ ಖಾಲಿ ಇದ್ರೆ ವಿಡಿಯೋ ಮಾಡಿ. ಅರ್ಧ ನಿಮಿಷದ್ದಾದ್ರೂ ಸಾಕು. ಮುಖದ ಬಣ್ಣ, ಕಣ್ಣು, ಕೈಕಾಲು ಕಾಣಲಿ. ಫಿಟ್ಸಾ, ಬವಳಿಯಾ ಅಂತ ಹೇಳೋಕೆ ಡಾಕ್ಟರಿಗೆ ಇದಕ್ಕಿಂತ ಒಳ್ಳೆ ಪುರಾವೆ ಇಲ್ಲ. ಆದ್ರೆ ಒಂದು ಮಾತು: ಆ ವಿಡಿಯೋ ಡಾಕ್ಟರಿಗೆ ಮಾತ್ರ. ಫ್ಯಾಮಿಲಿ ಗ್ರೂಪಿಗೂ ಬೇಡ, ಸ್ಟೇಟಸ್‌ಗೂ ಬೇಡ. ಅವರ ಮಾನ ನಮ್ಮ ಕೈಲಿದೆ.

ಆಮೇಲೆ ನೋಟ್ಸಲ್ಲಿ ಇಷ್ಟು ಬರೆದಿಡಿ. ದಿನ, ಹೊತ್ತು. ಬೀಳೋ ಮುಂಚೆ ಏನು ಮಾಡ್ತಿದ್ರು: ಎದ್ರಾ, ಉಣ್ತಿದ್ರಾ, ಬಚ್ಚಲಲ್ಲಿದ್ರಾ, ಸುಮ್ಮನೆ ಕೂತಿದ್ರಾ. ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ. ಮುಖದ ಬಣ್ಣ ಹೇಗಿತ್ತು. ಬಟ್ಟೆಯಲ್ಲಿ ಮೂತ್ರ ಆಯ್ತಾ. ಸರಿಹೋಗೋಕೆ ಎಷ್ಟು ಹೊತ್ತು ಬೇಕಾಯ್ತು. ಅವತ್ತು ಎಷ್ಟು ನೀರು, ಊಟ, ಯಾವ ಮಾತ್ರೆ. ಎಲ್ಲ ಮಾತ್ರೆ ಚೀಟಿ, ಸ್ಟ್ರಿಪ್‌ಗಳ ಫೋಟೋ ತೆಗೆದಿಡಿ. ಆಯುರ್ವೇದದ್ದು, ಅಂಗಡಿಯಿಂದ ತಂದ ಮಂಡಿ ನೋವಿನ ಮಾತ್ರೆನೂ ಸೇರಲಿ. ನೋವಿನ ಮಾತ್ರೆ ತಿಂದು ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಿದ್ರೂ ತಲೆಸುತ್ತು ಬರುತ್ತೆ. ಮಲ ಡಾಂಬರಿನ ಹಾಗೆ ಕಪ್ಪಾಗಿದ್ರೆ ತಡ ಮಾಡ್ದೆ ಆಸ್ಪತ್ರೆಗೆ ಹೋಗಿ.

ಮೂರು ನಿಮಿಷದ ಪರೀಕ್ಷೆ

ಬಿಪಿ ನೋಡೋದು ಅಂದ್ರೆ ಕುರ್ಚಿಯಲ್ಲಿ ಕೂರಿಸಿ ಒಂದು ಸಲ ನೋಡೋದು ಅಂತಲೇ ನಮ್ಮ ಅಭ್ಯಾಸ. ಬಿದ್ದವರಿಗೆ ಅದು ಸಾಲದು. ಐದು ನಿಮಿಷ ಮಲಗಿಸಿ ಬಿಪಿ ನೋಡ್ಬೇಕು. ಆಮೇಲೆ ನಿಲ್ಲಿಸಿ, ಒಂದು ನಿಮಿಷಕ್ಕೆ ಒಂದು ಸಲ, ಮೂರು ನಿಮಿಷಕ್ಕೆ ಇನ್ನೊಂದು ಸಲ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನ ಅಂಕಿ 10 ಅಥವಾ ಅದಕ್ಕಿಂತ ಹೆಚ್ಚು ಇಳಿದ್ರೆ, ನಿಂತಾಗ ಬಿಪಿ ಬೀಳ್ತಿದೆ ಅಂತ ಅರ್ಥ. ಉದಾಹರಣೆಗೆ ಮಲಗಿದ್ದಾಗ 150 ಇದ್ದಿದ್ದು ನಿಂತಾಗ 115. ಕೂತು ನೋಡಿದ್ದು 140 ಅಂತ ಬಂದಿದ್ರೆ "ಬಿಪಿ ಸ್ವಲ್ಪ ಜಾಸ್ತಿ" ಅಂತ ಮಾತ್ರೆ ಏರಿಸೋ ಸಾಧ್ಯತೆ ಇತ್ತು!

ಡಿಜಿಟಲ್ ಬಿಪಿ ಯಂತ್ರ ಮನೇಲಿದ್ರೆ ಇಬ್ಬರು ಸೇರಿ ಮಾಡಿ, ಒಬ್ಬರು ಹಿಡ್ಕೊಂಡೇ ಇರಬೇಕು. ತಲೆ ತಿರುಗಿದ್ರೆ ಅಲ್ಲಿಗೇ ನಿಲ್ಲಿಸಿ. ಯಂತ್ರ ಇಲ್ಲ ಅಂದ್ರೆ ಆರೋಗ್ಯ ಉಪಕೇಂದ್ರದಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ "ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ನೋಡಿ" ಅಂತ ಕೇಳಿ. ಹೀಗೆ ಕೇಳೋದು ತಪ್ಪಲ್ಲ.

ಎಲ್ಲಿಗೆ, ಯಾವಾಗ ಹೋಗ್ಬೇಕು?

ತಕ್ಷಣ 108 ಯಾವಾಗ? ಎದೆನೋವು ಅಥವಾ ಉಸಿರಾಟದ ಕಷ್ಟ ಇದ್ರೆ. ಒಂದು ನಿಮಿಷ ಆದ್ರೂ ಎಚ್ಚರ ಆಗದಿದ್ರೆ. ಬಾಯಿ ಸೊಟ್ಟ ಆಗಿ, ಒಂದು ಕಡೆ ಕೈಕಾಲು ಸೋತಿದ್ರೆ. ತಲೆಗೆ ಪೆಟ್ಟಾಗಿದ್ರೆ, ಅದರಲ್ಲೂ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ. ನಾಡಿ ನಿಮಿಷಕ್ಕೆ 40ಕ್ಕಿಂತ ಕಡಿಮೆ ಇದ್ರೆ. ಒಂದೇ ದಿನ ಎರಡು ಸಲ ಬಿದ್ರೆ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಗೆ ಆಂಬುಲೆನ್ಸ್ ಬರೋಕೆ ಹೊತ್ತಾಗಬಹುದು. ಸಿಗ್ನಲ್ ಎಲ್ಲಿ ಸಿಗುತ್ತೆ, ಗಾಡಿ ಯಾರದ್ದಿದೆ ಅಂತ ಮುಂಚೆನೇ ತಿಳ್ಕೊಂಡಿರಿ.

ಇದ್ಯಾವುದೂ ಇಲ್ಲ, ಒಂದು ಸಲ ಬಿದ್ದು ಸರಿಹೋದ್ರು ಅಂದ್ರೂ ಒಂದೆರಡು ದಿನದೊಳಗೆ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮೊದಲಿಗೆ ಬೇಕಿರೋದು ದುಬಾರಿ ಪರೀಕ್ಷೆ ಅಲ್ಲ. ನಡೆದಿದ್ದರ ವಿವರ, ನಿಂತಾಗಿನ ಬಿಪಿ, ಇಸಿಜಿ, ರಕ್ತದಲ್ಲಿ ಸಕ್ಕರೆ ಮತ್ತು ಹಿಮೋಗ್ಲೋಬಿನ್. "ತಲೆ ಸ್ಕ್ಯಾನ್ ಮಾಡಿಸಿಬಿಡೋಣ" ಅಂತ ಮನೆಯವರು ಆತುರ ಪಡ್ತಾರೆ. ತಲೆಗೆ ಪೆಟ್ಟಿಲ್ಲ, ಲಕ್ವದ ಲಕ್ಷಣ ಇಲ್ಲ ಅಂದ್ರೆ ಬರೀ ಪ್ರಜ್ಞೆ ತಪ್ಪಿದ್ದಕ್ಕೆ ಸ್ಕ್ಯಾನಲ್ಲಿ ಉತ್ತರ ಸಿಗೋದು ಅಪರೂಪ. ಇಸಿಜಿಯಲ್ಲಿ ಸಿಗೋ ಸಾಧ್ಯತೆ ಅದಕ್ಕಿಂತ ಹೆಚ್ಚು.

ಇಸಿಜಿ ನಾರ್ಮಲ್ ಬಂದ್ರೂ ಅನುಮಾನ ಉಳಿದಿದ್ರೆ 24 ಗಂಟೆ ಬಡಿತ ದಾಖಲಿಸೋ ಹೋಲ್ಟರ್ ಅನ್ನೋ ಪರೀಕ್ಷೆ ಇದೆ. ಹೃದಯದ ತೊಂದರೆ ಅಂತ ಕಂಡ್ರೆ ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಜಯದೇವ ಆಸ್ಪತ್ರೆ ಇದೆ. ಉಳಿದಿದ್ದಕ್ಕೆ ಕೆ.ಆರ್. ಆಸ್ಪತ್ರೆ ಇದೆ. ಹುಣಸೂರಿಂದ ಮೈಸೂರಿಗೆ ಸುಮಾರು 45 ಕಿ.ಮೀ., ಪಿರಿಯಾಪಟ್ಟಣದಿಂದ ಸುಮಾರು 65. ಅಷ್ಟು ದೂರ ಮರೆವಿರೋ ಅಜ್ಜಿನ ಬಸ್ಸಲ್ಲಿ ಕರ್ಕೊಂಡು ಹೋಗೋದು ಸುಲಭ ಅಲ್ಲ. ಅದಕ್ಕೇ ನಿಮ್ಮ ನೋಟ್ಸ್, ಮಾತ್ರೆ ಫೋಟೋ, ವಿಡಿಯೋ ಮೊದಲೇ ರೆಡಿ ಇದ್ರೆ ಮತ್ತೆ ಮತ್ತೆ ಅಲೆಯೋದು ತಪ್ಪುತ್ತೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಕಾರ್ಡು ಇಟ್ಕೊಂಡು, ತಾಲ್ಲೂಕು ಆಸ್ಪತ್ರೆಯಲ್ಲಿ ರೆಫರಲ್ ಬರೆಸ್ಕೊಂಡು ಹೋಗಿ.

ನೋಡ್ಕೊಳ್ಳೋರಿಗೇ ಸಾಕಾಗಿಹೋಗಿದೆ, ಮನಸ್ಸು ಕುಗ್ಗಿದೆ ಅಂದ್ರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರಿಗೆ ಅಂತಲೇ ಇರೋ ಸಹಾಯವಾಣಿ 14567.

ಮತ್ತೆ ಬೀಳದ ಹಾಗೆ

ಎದ್ದ ತಕ್ಷಣ ನಡೆಸಬೇಡಿ. ಮಂಚದ ಅಂಚಲ್ಲಿ ಒಂದೆರಡು ನಿಮಿಷ ಕೂರಿಸಿ, ಪಾದ ಮೇಲೆ ಕೆಳಗೆ ಆಡಿಸಲಿ, ಆಮೇಲೆ ಹಿಡ್ಕೊಂಡು ನಿಲ್ಲಿಸಿ. ಡಿಮೆನ್ಷಿಯಾ ಇರೋರಿಗೆ "ನಿಧಾನಕ್ಕೆ ಏಳಿ" ಅಂತ ಒಂದು ಸಲ ಹೇಳಿದ್ರೆ ನೆನಪಿರಲ್ಲ. ದಿನಾ ಅದೇ ಹೊತ್ತು, ಅದೇ ಕ್ರಮದಲ್ಲಿ ಮಾಡಿಸ್ತಾ ಹೋದ್ರೆ ಮೈಗೆ ಅಭ್ಯಾಸ ಆಗುತ್ತೆ.

ನೀರು ಕುಡೀತೀರಾ ಅಂತ ಕೇಳಬೇಡಿ, ಲೋಟ ಕೈಗೇ ಕೊಡಿ. ಮಜ್ಜಿಗೆ, ಗಂಜಿ, ಸಾರು ಎಲ್ಲ ಲೆಕ್ಕಕ್ಕೆ ಬರುತ್ತೆ. ಹೃದಯ ಅಥವಾ ಕಿಡ್ನಿ ತೊಂದರೆ ಇರೋರಿಗೆ ಎಷ್ಟು ನೀರು, ಎಷ್ಟು ಉಪ್ಪು ಅಂತ ಡಾಕ್ಟರನ್ನೇ ಕೇಳಿ. ತುಂಬಾ ಬಿಸಿ ನೀರಿನ ಸ್ನಾನ ಬೇಡ, ಕೂತು ಸ್ನಾನ ಮಾಡೋಕೆ ಸ್ಟೂಲ್ ಇಡಿ. ಜ್ವರ, ಉರಿಮೂತ್ರ, ಭೇದಿ ಇದ್ದಾಗ ಬೀಳೋ ಸಾಧ್ಯತೆ ಹೆಚ್ಚು. ಆ ದಿನಗಳಲ್ಲಿ ಒಬ್ಬರೇ ಓಡಾಡೋಕೆ ಬಿಡಬೇಡಿ.

ಮನೇಲಿ ಇದನ್ನೆಲ್ಲ ಮಾಡ್ತಿರೋರು ಹೆಚ್ಚಾಗಿ ಅಮ್ಮನೋ, ದೊಡ್ಡಮ್ಮನೋ, ಅತ್ತಿಗೆನೋ ಆಗಿರ್ತಾರೆ. ಹೊಲ, ಹಟ್ಟಿ, ಅಡುಗೆ ಜೊತೆಗೆ ಇದು. ಅವರ ಫೋನಲ್ಲಿ ಈ ಸಂಚಿಕೆ ಕೇಳೋಕೆ ಪುರುಸೊತ್ತಿರಲ್ಲ. ನಿಮಗಿದೆ. ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ "ಅಜ್ಜಿ ಹೇಗಿದ್ದಾರೆ" ಅಂತ ಕೇಳಿದ್ರೆ "ಚೆನ್ನಾಗಿದ್ದಾರೆ" ಅಂತಲೇ ಉತ್ತರ ಬರುತ್ತೆ. ಅದರ ಬದಲು "ಈ ತಿಂಗಳಲ್ಲಿ ಎಲ್ಲಾದ್ರೂ ಬಿದ್ರಾ? ಎದ್ದಾಗ ಕಣ್ಣು ಕತ್ತಲೆ ಬರುತ್ತಾ? ಹೊಸ ಮಾತ್ರೆ ಏನಾದ್ರೂ ಕೊಟ್ರಾ?" ಅಂತ ಕೇಳಿ. ಮಾತ್ರೆ ಡಬ್ಬದ ಫೋಟೋ ಕಳಿಸೋಕೆ ಹೇಳಿ. ಮುಂದಿನ ಸಲ ಊರಿಗೆ ಹೋದಾಗ ಮಲಗಿಸಿ, ನಿಲ್ಲಿಸಿ ಬಿಪಿ ನೋಡಿ.

ಮರೆವನ್ನ ವಾಪಸ್ ಕಳಿಸೋ ಔಷಧಿ ಇವತ್ತಿಗೆ ನಮ್ಮ ಹತ್ರ ಇಲ್ಲ. ಆದ್ರೆ ಈ ಬೀಳೋದನ್ನ ತುಂಬಾ ಸಲ ತಡೆಯಬಹುದು. ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ.